ಟ್ಯಾಂಕ್ ಕಾಕಾ ಓಡಿಸಿದ್ದು ಟ್ಯಾಂಕ್ ಅಲ್ಲ

ನಮ್ಮ ಭಾಗದಲ್ಲಿ ಒಂದು ಮನೆಗೆ ಹೆಸರು ಬೀಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಎಂದೋ ಒಬ್ಬ ಅಜ್ಜ ಮೆಣಸಿನಕಾಯಿ ಮಾರಿದ್ದರೆ, ಮೊಮ್ಮಗ ಡಾಕ್ಟರಾದರೂ ದವಾಖಾನೆಯ ಬೋರ್ಡಿನ ಮೇಲೆ ಮೆಣಸಿನಕಾಯಿ ಇದ್ದೇ ಇರುತ್ತದೆ. ನನ್ನ ಹೆಂಡತಿ ಶಾಂತಾಳ ಕಾಕಾ ಫಕೀರಪ್ಪನವರು ಸೇನೆಯಿಂದ ನಿವೃತ್ತರಾಗಿ ಗಜೇಂದ್ರಗಡದ ಪಕ್ಕದ ತಮ್ಮೂರು ರಾಜೂರಿಗೆ ಮರಳಿದ ವರ್ಷವೇ ಅವರು ಟ್ಯಾಂಕ್ ಕಾಕಾ ಆದರು, ಅವರ ಮನೆ ಟ್ಯಾಂಕಿನವರ ಮನೆಯಾಯಿತು. ನಮ್ಮ ಮದುವೆಯ ಮಾತುಕತೆಯಲ್ಲೂ ಹುಡುಗಿಯ ಓದಿಗಿಂತ ಮೊದಲು ಬಂದದ್ದು ಟ್ಯಾಂಕು.

ನಾನು ರೋಣದಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಬಾವಿಗೆ ಬಿದ್ದದ್ದು ಎತ್ತೋ ಹೋರಿಯೋ ಎಂದು ಖಚಿತಪಡಿಸಿಕೊಳ್ಳದೆ ಸುದ್ದಿ ಕಳಿಸಿದವನಲ್ಲ. ಈ ಗುಣಕ್ಕೆ ಊರಿನಲ್ಲಿ ಗೌರವವಿದೆ, ಮನೆಯಲ್ಲಿ ಬೇರೆ ಹೆಸರಿದೆ.

ಹೀಗಿರುವಾಗ ಗಜೇಂದ್ರಗಡದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಸರ್ಕಲ್ಲಿಗೆ ಸೇನೆಯ ಹಳೆಯ ಗಾಡಿಯೊಂದು ಬಂತು. ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಕಾಕಾನ ಕೈಯಿಂದ ಉದ್ಘಾಟನೆ ಮಾಡಿಸುವುದೆಂದು ಅದಕ್ಕಾಗಿ ಊರವರು ಮಾಡಿಕೊಂಡ ಸಮಿತಿ ನಿರ್ಧರಿಸಿತು. ಸಮಿತಿಯ ಹಿರಿಯರು ಬಟ್ಟೆ ವ್ಯಾಪಾರಿ ಇಮಾಮಸಾಬರು. ಕಲ್ಲಿನ ಮೇಲೆ ಕೆತ್ತುವ ಬರಹವನ್ನು ಅವರು ನನಗೇ ವಹಿಸಿದರು.

“ಎಡಿಟರ್ ಸಾಹೇಬ್ರ, ಯುದ್ಧ ಟ್ಯಾಂಕ್ ಅಂತ ದಪ್ಪ ಅಕ್ಷರದಾಗ ಬರ್ರಿ. ಉಳಿದದ್ದು ನಿಮಗ ಬಿಟ್ಟದ್ದು.”

ಉಳಿದದ್ದರಲ್ಲಿ ತೊಂದರೆ ಇರಲಿಲ್ಲ. ನಾನು ಹೋಗಿ ಗಾಡಿಯನ್ನು ಒಂದು ಸುತ್ತು ಹಾಕಿದೆ. ಕಬ್ಬಿಣದ ಪಟ್ಟಿಯ ಮೇಲೆ ಓಡುವ ಚಕ್ರಗಳಿವೆ, ಮೇಲೆ ತಿರುಗುವ ಗೋಪುರವಿದೆ, ಅದಕ್ಕೆ ಸಣ್ಣದೊಂದು ತೋಪೂ ಇದೆ. ಆದರೆ ಹಿಂದೆ ಎರಡು ಬಾಗಿಲು, ಒಳಗೆ ಸಾಲಾಗಿ ಕೂರುವ ಸೀಟು. ಟ್ಯಾಂಕಿಗೆ ಪಟ್ಟಿ ಇದ್ದರೆ ಸಾಲದು, ಗೋಪುರ ಇದ್ದರೂ ಸಾಲದು. ಅದರ ಕೆಲಸವೇ ಬೇರೆ. ದಪ್ಪ ಕವಚ ತೊಟ್ಟು, ದೊಡ್ಡ ತೋಪು ಹೊತ್ತು, ಮುಂದೆ ನುಗ್ಗಿ ತಾನೇ ಹೊಡೆದಾಡುವುದು ಟ್ಯಾಂಕು. ಇದು ಹೊಡೆದಾಡುವವರನ್ನು ಕೂಡಿಸಿಕೊಂಡು ಹೋಗುವ ಗಾಡಿ. ಕಾಕಾ ತಾವು ಓಡಿಸಿದ್ದು ಇಂಥದ್ದನ್ನೇ ಎಂದು ನೋಡಿದ ಕೂಡಲೇ ಗುರುತು ಹಿಡಿದು, ಅದರ ಮೂತಿ ಸವರಿದ್ದರಂತೆ. ಅಂದರೆ ಗಾಡಿ ಟ್ಯಾಂಕ್ ಅಲ್ಲವಾದರೆ ಕಾಕಾ ಕೂಡ ಟ್ಯಾಂಕ್ ಕಾಕಾ ಅಲ್ಲ. ಅವರ ಹೆಸರನ್ನು ಅವರ ಕೈಯಿಂದಲೇ, ಊರಿನ ಎದುರು, ಕಲ್ಲಿನಲ್ಲಿ ಅಳಿಸಬೇಕಿತ್ತು.

ಊಟಕ್ಕೆ ಕೂತಾಗ ವಿಷಯ ಹೇಳಿದೆ. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಟ್ಯಾಂಕ್ ಅಂತ ಬರದ್ರ ನಿಮ್ಮ ಗಂಟ ಏನ್ ಹೋಗ್ತೈತಿ?”

“ತಪ್ಪಾಗ್ತೈತಿ.”

“ಊರೆಲ್ಲಾ ನಿಮಗ ಎಡಿಟರ್ ಸಾಹೇಬ್ರ ಅಂತೈತಿ. ಎಂದರ ತಿದ್ದೀರೇನು? ಕಾಕಾನ ಮಾನ ಕಳದ್ರ ನಾ ರಾಜೂರಾಗ ಹ್ಯಾಂಗ ಮಾರಿ ತೋರಸ್ಲಿ?”

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ರೊಟ್ಟಿ ಇನ್ನೂ ಬೇಕಾಗಿದ್ದರಿಂದ ಹೇಳಲಿಲ್ಲ.

ಮರುದಿನ ರಾಜೂರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಕಡಲೆ ಆರಿಸುತ್ತಿದ್ದರು. ನಾನು ಕೆಟ್ಟ ಸುದ್ದಿಯನ್ನು ಮನೆಯವರಿಗೆ ತಿಳಿಸುವ ದನಿಯಲ್ಲಿ, ಸೇನೆಯಲ್ಲಿ ಬಗೆಬಗೆಯ ವಾಹನಗಳಿರುತ್ತವೆ ಎಂದು ಆರಂಭಿಸಿದೆ. ಅವರು ಒಂದು ಹುಳುಕು ಕಾಳು ತೆಗೆದು ಆಚೆ ಒಗೆದರು.

“ಅಳಿಯಂದ್ರ, ಅದು ಟ್ಯಾಂಕ್ ಅಲ್ಲಂತ ನನಗ ಹೇಳಾಕ ಬಂದೀರೇನು? ಜೀವಮಾನ ಓಡಿಸೀನಿ.”

“ಮತ್ತ ಇಷ್ಟು ವರ್ಷ?”

“ಬಂದ ಹೊಸದಾಗ ಎಲ್ಲಾರಿಗೂ ತಿಳಿಸಿ ಹೇಳಿದೆ. ಮಂದಿನ್ನ ಒಯ್ದು ಇಳಿಸೂ ಗಾಡಿ, ಟ್ಯಾಂಕ್ ಬ್ಯಾರೆ ಅಂತ. ಹೂಂ ಹೂಂ ಅಂತ ಎಲ್ಲಾ ಕೇಳಿದ್ರು. ಕೇಳಿ, ಆತ್ರಿ, ಆ ಟ್ಯಾಂಕಿನ್ಯಾಗ ಫ್ಯಾನ್ ಇತ್ತೇನು ಅಂದ್ರು.” ಇನ್ನೊಂದು ಹಿಡಿ ಕಡಲೆ ಮುಂದಕ್ಕೆ ಎಳೆದುಕೊಂಡು ಹೇಳಿದರು. “ಟ್ಯಾಂಕಿನವರು ಹೊಡೀತಾರ, ದೊಡ್ಡ ಕೆಲಸ. ನಾ ಕರ್ಕೊಂಡ್ ಹೋದ ಹುಡುಗರ್ನ ಹೊಳ್ಳಿ ಕರ್ಕೊಂಡ್ ಬಂದೀನಿ. ಅದೇನ್ ಸಣ್ಣದಲ್ಲ. ಖರೇ ಏನೈತಿ ಅದನ್ನ ಬರೀರಿ.”

ನಾನು ಬರೆದೆ. “ಪದಾತಿ ಯೋಧರನ್ನು ರಣರಂಗಕ್ಕೆ ಹೊತ್ತೊಯ್ದು ಮರಳಿ ತಂದ ಕವಚ ವಾಹನ.” ಇಮಾಮಸಾಬರು ಎರಡು ಸಲ ಓದಿ, “ಇದರಾಗ ಟ್ಯಾಂಕ್ ಎಲ್ಲೈತ್ರಿ?” ಎಂದರು. ಕಾಕಾ ಒಪ್ಪಿದ್ದಾರೆ ಎಂದ ಮೇಲೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಉದ್ಘಾಟನೆಯ ದಿನ ಕಾಕಾ ಪರದೆ ಸರಿಸಿ, ಕಲ್ಲಿನ ಬರಹವನ್ನು ಗಟ್ಟಿಯಾಗಿ ಓದಿದರು. ಆಮೇಲೆ ಮೈಕಿನಲ್ಲಿ, ಇದು ಟ್ಯಾಂಕ್ ಅಲ್ಲ, ಯಾಕೆ ಅಲ್ಲ, ಟ್ಯಾಂಕ್ ಎಂದರೆ ಹೇಗಿರುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಜನ ತದೇಕಚಿತ್ತದಿಂದ ಕೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಶಾಂತಾ ನನ್ನ ಕಡೆ ನೋಡಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಪ್ಪಾಳೆ ನಿಂತ ಮೇಲೆ ಇಮಾಮಸಾಬರು ಎದ್ದು ವಂದನೆ ಹೇಳಿದರು. “ಟ್ಯಾಂಕಿನ ಬಗ್ಗೆ ಇಷ್ಟು ಚಲೋ ತಿಳಿಸಿಕೊಟ್ಟ ನಮ್ಮ ಟ್ಯಾಂಕ್ ಕಾಕಾ ಅವರಿಗೆ ಸಮಿತಿ ಋಣಿಯಾಗಿದೆ.” ಕಾಕಾ ನನ್ನತ್ತ ನೋಡಿ ಮೀಸೆಯಲ್ಲೇ ನಕ್ಕರು.

ಕಲ್ಲಿನಲ್ಲಿ ದಾಖಲೆ ಸರಿಯಾಗಿದೆ. ಈ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿದೆ. ಮೊನ್ನೆ ರೋಣದಲ್ಲಿ ಗಜೇಂದ್ರಗಡದ ಬಸ್ ಹತ್ತಿದೆ. ಕಂಡಕ್ಟರ್ ಬಂದು ನಿಂತ.

“ಎಡಿಟರ್ ಸಾಹೇಬ್ರ, ಎಲ್ಲಿ ಇಳೀತೀರಿ? ಬಸ್ ಸ್ಟ್ಯಾಂಡೋ, ಟ್ಯಾಂಕ್ ಸರ್ಕಲ್ಲೋ?”

ಆ ಪ್ರಶ್ನೆಯಲ್ಲಿ ತಿದ್ದಬೇಕಾದವು ಎರಡಿದ್ದವು. ಹಿಂದೆ ಜನ ನೂಕುತ್ತಿದ್ದರು.

“ಟ್ಯಾಂಕ್ ಸರ್ಕಲ್” ಎಂದೆ.