ಜೀಪು ಹೊರಡಲಿ ಎಂಬ ಹರಕೆ

ಕರಿಹಲಗೆಯ ಮೇಲೆ ಬರೆದ ಇಂಜಿನ್ ಕೆಟ್ಟು ನಿಂತದ್ದನ್ನು ನಾನು ಈವರೆಗೆ ಕಂಡಿಲ್ಲ. ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ವರ್ಷಕ್ಕೊಮ್ಮೆ ಒಂದು ಸಿಲಿಂಡರು, ಅದರೊಳಗೊಂದು ಪಿಸ್ಟನ್ನು, ಮೇಲೆರಡು ಕವಾಟ ಬರೆದು, ಹೀರಿಕೆಯ ಘಾತ, ಸಂಪೀಡನ ಘಾತ, ಶಕ್ತಿ ಘಾತ, ನಿಷ್ಕಾಸ ಘಾತ ಎಂದು ನಾಲ್ಕು ಘಾತಗಳನ್ನು ವಿವರಿಸಿ, ಕೈಗಂಟಿದ ಸುಣ್ಣದ ಪುಡಿ ಕೊಡವಿಕೊಂಡು ಹೊರಬಂದರೆ, ಆ ಇಂಜಿನ್ ಮುಂದಿನ ವರ್ಷದವರೆಗೆ ನನ್ನ ತಂಟೆಗೆ ಬರುವುದಿಲ್ಲ. ಇಂಥ ವಿಧೇಯ ಇಂಜಿನ್‌ಗಳ ಸಹವಾಸದಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ತನ್ನ ಮೇಲೆ ಒಂದು ಬಗೆಯ ಭರವಸೆ ಹುಟ್ಟುವುದು ಸಹಜ. ಐದನೆಯ ಘಾತವೂ ಒಂದಿದೆ, ಅದು ಪಠ್ಯಪುಸ್ತಕದಲ್ಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆದರೂ ನನ್ನ ಭರವಸೆಯೇನೂ ಕಡಿಮೆಯಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ದೀಪಾವಳಿ ರಜೆಯಲ್ಲಿ ಕುಮಟೆಯ ಕಡೆಯ ಒಬ್ಬ ನಾಟಾ ವ್ಯಾಪಾರಿಯಿಂದ ಹಳೆಯ ಡೀಸೆಲ್ ಜೀಪೊಂದನ್ನು ಕೊಂಡೆ. ನಾಲ್ಕೂ ಗಾಲಿಗೆ ಬಲ ಹೋಗುವಂಥದ್ದು, ಕಾಡುದಾರಿಯಲ್ಲಿ ಮರದ ದಿಮ್ಮಿ ಎಳೆದು ಪಳಗಿದ್ದು. ಕೊಂಡ ಮಾರನೆಯ ದಿನವೇ ಶಾಲೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿ, ಬೇಸಿಗೆ ರಜೆಯಲ್ಲಿ ನಿಮ್ಮನ್ನು ಯಾಣಕ್ಕೆ ಕರೆದೊಯ್ಯುತ್ತೇನೆ, ಅದೂ ಬಸ್ಸು ಹೋಗದ ದಾರಿಯಲ್ಲಿ ಎಂದು ಘೋಷಿಸಿದೆ. ಜೀಪು ಕುಮಟೆಯಿಂದ ಕರ್ಕಿಯ ನಮ್ಮ ಮನೆಯವರೆಗೆ ಎಲ್ಲೂ ನಿಲ್ಲದೆ ತಾನಾಗಿ ಓಡಿಕೊಂಡು ಬಂದಿತ್ತು. ಈ ಸಂಗತಿಯನ್ನು ನಾನು ಇಲ್ಲಿ ಮುಚ್ಚಿಡಬಹುದಿತ್ತು. ಆದರೆ ನನ್ನ ಹೆಂಡತಿ ನಾಗವೇಣಿ ಸಿಕ್ಕವರಿಗೆಲ್ಲ ಹೇಳಿಯಾಗಿದೆ. "ಬರುವಾಗ ಚಲೋ ಇತ್ತು. ಇವರು ರಿಪೇರಿ ಶುರು ಮಾಡಿದ ಮೇಲೆ ನಿಂತದ್ದು."

ಗಾಡಿ ಓಡುತ್ತಿತ್ತು ನಿಜ, ಆದರೆ ವೈಜ್ಞಾನಿಕವಾಗಿ ಓಡುತ್ತಿರಲಿಲ್ಲ. ಡೀಸೆಲ್ ಸೋಸುವ ಫಿಲ್ಟರು ಯಾವುದೋ ಮೂಲೆಯಲ್ಲಿ ಮುಖ ಮರೆಸಿಕೊಂಡಿತ್ತು. ಅದನ್ನು ಬಿಚ್ಚಿ, ಪೈಪಿನ ದಾರಿ ಬದಲಿಸಿ, ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವಂತೆ ಕೂರಿಸಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ತೂತಾಗಿದ್ದ ತಳಕ್ಕೆ ಹೊಸ ತಗಡು ಹಾಕಿಸಿದೆ. ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿ ಗಾಡಿಯನ್ನು ಎತ್ತರಿಸಿದೆ, ಅಗಲವಾದ ಟಯರಿಗೆ ಹೇಳಿಬಂದೆ. ಟಯರು ಬರುವವರೆಗೆ ಗಾಡಿ ಅಂಗಳದಲ್ಲಿ ನಾಲ್ಕು ಮೂಲೆಯಲ್ಲೂ ಚಿರೆಕಲ್ಲಿನ ಮೇಲೆ ಕೂತಿತು. ನಾಗವೇಣಿ ಅಡುಗೆಮನೆಯ ಸ್ಟೂಲು ತಂದು, ಅದರ ಮೇಲೆ ನಿಂತು ಒಳಗೆ ಇಣುಕಿ, "ಇದಕ್ಕೆ ಏಣಿ ಎಲ್ಲಿ ಸಿಗ್ತದೆ?" ಎಂದು ಕೇಳಿ ಇಳಿದುಹೋದಳು. ಇಷ್ಟೆಲ್ಲ ಸುಧಾರಣೆಯ ನಂತರ ನಾನು ಕೀಲಿ ತಿರುಗಿಸಿದೆ. ಸೆಲ್ಫು ಕೊರಕೊರ ಎಂದಿತು, ಇಂಜಿನ್ ಏನೂ ಅನ್ನಲಿಲ್ಲ.

ಅಲ್ಲಿಂದ ಶುರುವಾದದ್ದು ಐದು ತಿಂಗಳ ವ್ಯವಹಾರ. ಬ್ಯಾಟರಿ ಬದಲಿಸಿದೆ. ಸೆಲ್ಫ್ ಬಿಚ್ಚಿ ತೊಳೆದೆ. ಇಂಜೆಕ್ಟರುಗಳು ಶುಚಿಯಾಗಲು ಮೂರು ಸಲ ಕುಮಟೆಗೆ ಹೋಗಿಬಂದವು. ಕುಮಟೆ ನಾಗವೇಣಿಯ ತವರು, ಅಷ್ಟರಲ್ಲಿ ಅವಳು ಒಂದು ಸಲವೂ ಹೋಗಿರಲಿಲ್ಲ ಎಂಬುದನ್ನು ಅವಳೇ ಲೆಕ್ಕ ಹಾಕಿ ತಿಳಿಸಿದಳು. ಸಂಪೀಡನ, ಎಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುವುದು, ಸಾಲುತ್ತಿಲ್ಲ ಎಂದು ನಾನು ಮೊದಲ ದಿನವೇ ನಿರ್ಧರಿಸಿದ್ದೆ. ಒಮ್ಮೆ ನಿರ್ಧರಿಸಿದ ಮೇಲೆ ಅದನ್ನು ಬದಲಿಸುವುದು ನನ್ನ ಸ್ವಭಾವವಲ್ಲ. ಪ್ರತಿದಿನ ಶಾಲೆ ಬಿಟ್ಟು ಬಂದವನು ಹಳೆಯ ಲುಂಗಿ ಸುತ್ತಿಕೊಂಡು, ಗೋಣಿಚೀಲ ಹಾಸಿ ಗಾಡಿಯ ಅಡಿ ಸೇರುತ್ತಿದ್ದೆ, ರಜಾದಿನಗಳಲ್ಲಿ ಬೆಳಗಿನಿಂದಲೇ. ಅಡಿಯಲ್ಲಿ ಮಲಗಿದವನಿಗೆ ಜಗತ್ತು ಮೊಣಕಾಲಿನವರೆಗೆ ಮಾತ್ರ ಕಾಣುತ್ತದೆ. ನಾಗವೇಣಿಯ ಕಾಲುಗಳು ಬೆಳಿಗ್ಗೆ ಬೇಲಿಯ ಕಡೆ ಹೋಗುವುದು, ಸಂಜೆ ವಾಪಸು ಬರುವುದು ಕಾಣುತ್ತಿತ್ತು. ಪಕ್ಕದ ಮನೆಯಲ್ಲಿ ಹರಟೆ ಜೋರಾಗಿದೆ ಎಂದುಕೊಂಡು ನಾನು ಬೋಲ್ಟು ಬಿಗಿಯುತ್ತಿದ್ದೆ.

ಪಕ್ಕದ ಮನೆಯ ಪರಮೇಶಣ್ಣ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬೇಲಿಯ ಮೇಲೆ ಮೊಣಕೈ ಊರಿ ನನ್ನ ಕೆಲಸವನ್ನು ನೋಡುವುದು ಅವರ ಸಂಜೆಯ ಕಾರ್ಯಕ್ರಮ. ಆದರೆ ಒಂದು ಸಲಹೆಯನ್ನೂ ಕೊಟ್ಟವರಲ್ಲ. ಕೇಳಿದರೆ, "ಮಾಸ್ತರ್ರಿಗೆ ನಾ ಎಂತ ಹೇಳೂದು ಮಾರಾಯ್ರೆ, ನೀವು ಓದಿದವ್ರು" ಎನ್ನುತ್ತಿದ್ದರು. ಅವರದು ದಿನಕ್ಕೊಂದೇ ಪ್ರಶ್ನೆ. "ಹೋಯ್ ಮಾಸ್ತರ್ರೇ, ಹೊರಡೂದಿಲ್ವಾ ಇವತ್ತು?" ನನ್ನದೂ ಒಂದೇ ಉತ್ತರ. "ಸ್ವಲ್ಪ ಕೆಲಸ ಬಾಕಿ ಅದೆ." ಕ್ರಿಸ್ಮಸ್ಸು ಕಳೆಯಿತು, ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಹೋಯಿತು. ಪ್ರಶ್ನೆ, ಉತ್ತರ ಎರಡೂ ಬದಲಾಗಲಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾಗವೇಣಿ ದೇವರ ಮುಂದೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟುತ್ತಿದ್ದಳು. ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಎಂತ ಹರಕೆ ಎಂದು ಕೇಳಿದೆ. "ಜೀಪು ಹೊರಡಲಿ ಅಂತ. ಹೊರಟ್ರೆ ಇಡಗುಂಜಿ ಗಣಪತಿಗೆ ಪಂಚಕಜ್ಜಾಯ" ಎಂದಳು, ತಲೆ ಎತ್ತದೆ. ನಿಜ ಹೇಳುತ್ತೇನೆ, ಇಷ್ಟು ತಿಂಗಳು ಅವಳು ನನ್ನನ್ನು ಗೇಲಿ ಮಾಡುತ್ತಿದ್ದಾಳೆಂದು ತಿಳಿದಿದ್ದೆ. ಒಳಗೊಳಗೆ ನನ್ನ ಯಶಸ್ಸಿಗೆ ದೇವರನ್ನು ಕಾಡುತ್ತಿದ್ದಳಲ್ಲ! ವಿಜ್ಞಾನದ ಮಾಸ್ತರನಾಗಿ ಹರಕೆಯನ್ನು ಒಪ್ಪುವಂತಿಲ್ಲ, ಗಂಡನಾಗಿ ಬಿಡುವಂತಿಲ್ಲ. ಇನ್ನು ಗಾಡಿ ಹೊರಡಲೇಬೇಕು ಎಂದು ಅಲ್ಲೇ ಪಣ ತೊಟ್ಟೆ. ಯಾಣ ಹಿಂದಾಯಿತು, ಇಡಗುಂಜಿ ಮುಂದಾಯಿತು.

ಮರುದಿನವೇ ಜೀಪಿನ ಒಡೆಯನಾದ ನಾನು ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆ. ಅಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಗಫೂರ್ ಸಾಹೇಬರಿದ್ದಾರೆ. ಗಾಡಿಯ ಕಾಯಿಲೆಯನ್ನು ಗಾಡಿ ನೋಡದೆಯೇ ಹೇಳುವವರೆಂದು ಹೆಸರು. ಒಳಗಿದ್ದವರೊಂದಿಗೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ ನನಗೆ ಚಹಾ ತರಿಸಿದರು. ನಾನು ರಟ್ಟಿನ ಡಬ್ಬಿಯೊಂದರ ಬೆನ್ನಿನ ಮೇಲೆ ಸಿಲಿಂಡರು ಬರೆದು, ನಾಲ್ಕೂ ಘಾತಗಳನ್ನು ಬಿಡಿಸಿ, ಫಿಲ್ಟರಿನ ಜಾಗ ಬದಲಾದದ್ದನ್ನೂ ನಡುವೆ ಹೇಳಿ, ಸಂಪೀಡನ ಎಲ್ಲಿ ಸೋರುತ್ತಿರಬಹುದೆಂದು ಸವಿಸ್ತಾರವಾಗಿ ವಿವರಿಸಿದೆ. ಹಿಂದಿನ ಬೆಂಚಿನ ಒಳ್ಳೆಯ ವಿದ್ಯಾರ್ಥಿಯಂತೆ ಅವರು ಕೊನೆಯವರೆಗೂ ಕೇಳಿದರು.

"ಮಾಸ್ತರ್ರೇ, ಅದೆಲ್ಲ ಬರೋಬರ್. ಏರ್ ತೆಗೆದ್ರಾ?"

"ಏರ್?"

"ಪೈಪ್ ಬಿಚ್ಚಿದ್ರೆ ಗಾಳಿ ಒಳಗೆ ಹೋಗ್ತದೆ ಅಲ್ವಾ? ಡೀಸೆಲ್ ಗಾಡಿಗೆ ಹೊಟ್ಟೆಯಲ್ಲಿ ವಾಯು ಹಿಡಿದ್ರೆ ಅದು ಏಳೂದಿಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ್ರೆ ಬಿಗೀರಿ. ಆತು." ಒಂದು ಪುಟ್ಟ ವಾಶರನ್ನೂ ಕೈಗಿಟ್ಟು, "ಫಿಲ್ಟರ್ ಜಾಗ ಬದ್ಲಿ ಮಾಡಿದವ ಯಾರು? ಹಳೇ ವಾಶರೇ ಹಾಕಿರ್ತಾನೆ, ಅವನಿಗೆ ಬೈಯಿರಿ" ಎಂದರು. ಬೈಯುತ್ತೇನೆಂದು ಒಪ್ಪಿಕೊಂಡು ಎದ್ದೆ.

ಅನಿಲವನ್ನು ಒತ್ತಿದರೆ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಪಂಪು ಐದು ತಿಂಗಳಿಂದ ಗಾಳಿಯನ್ನು ಒತ್ತುತ್ತಿತ್ತು, ಗಾಳಿ ಸುಮ್ಮನೆ ಕುಗ್ಗಿಕೊಳ್ಳುತ್ತಿತ್ತು, ಡೀಸೆಲ್ ಮುಂದೆ ಹೋಗುತ್ತಿರಲಿಲ್ಲ. ಇದು ನಾನೇ ಎಂಟನೆಯ ಇಯತ್ತೆಗೆ ಸಿರಿಂಜು ಹಿಡಿದು ತೋರಿಸುವ ಪಾಠ. ಸಾಹೇಬರು ಹೇಳಿದಂತೆ ವಾಶರು ಬದಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಕೀಲಿ ತಿರುಗಿಸಿದೆ. ಜೀಪು ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಗುಡುಗಿತು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ನಾಗವೇಣಿ ಒದ್ದೆ ಕೈಯಲ್ಲೇ ಓಡಿಬಂದು ದೇವರಕೋಣೆಯ ಕಡೆ ತಿರುಗಿ ಕೈಮುಗಿದಳು. ಕೈಪಂಪು ಒತ್ತಿದವನು ನಾನು ಎಂದು ನೆನಪಿಸಬೇಕೆನಿಸಿತು. ಆ ಕ್ಷಣಕ್ಕೆ ದೊಡ್ಡ ಮನಸ್ಸು ಮಾಡಿ ಕೀರ್ತಿಯನ್ನು ಗಣಪತಿಗೆ ಬಿಟ್ಟುಕೊಟ್ಟೆ.

ಟಯರೂ ಬಂದಿದ್ದವು. ಮಂಗಳವಾರ ಬೆಳಿಗ್ಗೆ ನಾಗವೇಣಿ ರೇಷ್ಮೆ ಸೀರೆ ಉಟ್ಟು, ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ, ಇಳಿಯುವಾಗ ಬೇಕೆಂದು ಸ್ಟೂಲನ್ನೂ ಮೇಲೆಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಹೊರಡುವ ಮುಂಚೆ ಪರಮೇಶಣ್ಣನ ಹೆಂಡತಿಯೊಂದಿಗೆ ಬೇಲಿಯ ಬಳಿ ಏನೋ ಗುಟ್ಟು ನಡೆಯಿತು. ಶರಾವತಿ ಸೇತುವೆಯ ಮೇಲೆ ನಾನು ಹಾರ್ನು ಹೊಡೆದದ್ದು ದಾರಿ ಬಿಡಿ ಎಂದು ಕೇಳುವುದಕ್ಕಲ್ಲ, ಬರೀ ಖುಷಿಗೆ. ಅಗಲ ಟಯರಿನಿಂದ ಸ್ಟಿಯರಿಂಗು ಬಿಗಿಯಾಗಿ ಭುಜ ಹಿಡಿದುಕೊಂಡಿತ್ತು, ಅದನ್ನು ಯಾರಿಗೂ ತೋರಿಸಲಿಲ್ಲ. ಅಪ್ಸರಕೊಂಡದ ಕಡೆ ತಿರುಗುವ ಪ್ರವಾಸಿಗರು ನಮ್ಮನ್ನು ನೋಡಿ ಕೈಬೀಸಿದರು. ನನ್ನ ಜೀವನದಲ್ಲಿ ಇಂಥ ಬೆಳಗುಗಳು ಹೆಚ್ಚಿಲ್ಲ.

ಇಡಗುಂಜಿಯಲ್ಲಿ ಗಾಡಿಪೂಜೆಗೆ ಬಂದ ಭಟ್ಟರು ಜೀಪನ್ನು ಒಂದು ಸುತ್ತು ಹಾಕಿ, "ಹೊಸ ಗಾಡಿಗೆ ಪೂಜೆ ಮಾಡೂದು. ಇದು ನನ್ನ ಉಪನಯನಕ್ಕಿಂತ ಮೊದಲಿಂದು ಕಾಣ್ತದೆ. ಇರಲಿ, ಮಾಡುವಾ" ಎಂದು ಗಾಲಿಗಳಿಗೆ ಲಿಂಬೆಹಣ್ಣಿಟ್ಟರು. ಆಮೇಲೆ ಸಂಕಲ್ಪಕ್ಕೆ ಕುಳಿತಾಗ ನಾಗವೇಣಿಯನ್ನು ಕೇಳಿದರು. "ಹರಕೆ ಎಂತದ್ದು, ಬಾಯಿಬಿಟ್ಟು ಹೇಳಿ ಅಮ್ಮಾ."

"ಈ ಜೀಪು ನಮ್ಮನೆ ಅಂಗಳ ಬಿಟ್ಟು ಹೊರಡಲಿ ಅಂತ ಭಟ್ರೇ. ಯಾರಾದ್ರೂ ತಕ್ಕೊಂಡು ಹೋದ್ರೂ ಅಡ್ಡಿಲ್ಲ ಅಂತ ಹೇಳಿಕೊಂಡಿದ್ದೆ."

ಇದೇ ಐದನೆಯ ಘಾತ. ನಾನು ಮೆಲ್ಲಗೆ, "ಹೊರಡಲಿ ಅಂದ್ರೆ ಸ್ಟಾರ್ಟ್ ಆಗಲಿ ಅಂತ ಅಲ್ವನೇ?" ಎಂದೆ.

"ಸ್ಟಾರ್ಟ್ ಆದ್ರೆ ಸಂಜೆಗೆ ಮತ್ತೆ ಅಲ್ಲಿಗೇ ಬರ್ತದಲ್ಲ. ನಾ ಹೇಳಿದ್ದು ಹೊರಡಲಿ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಅಂಗಳದಲ್ಲಿ ಬಿಸಿಲು ಬೀಳೂದು ಜೀಪು ನಿಂತ ಅದೊಂದೇ ಜಾಗ. ಉಳಿದದ್ದೆಲ್ಲ ತೆಂಗಿನ ನೆರಳು. ಈ ವರ್ಷ ಕೊಬ್ಬರಿ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ ಎಲ್ಲ ಪರಮೇಶಣ್ಣನ ಅಂಗಳಕ್ಕೆ ಹೊತ್ತು ಒಣಗಿಸಿದೆ. ನಿಮಗೆ ಗೊತ್ತದ್ಯಾ?"

ಗೊತ್ತಿರಲಿಲ್ಲ. ನಾನು ಕಂಡದ್ದು ಕಾಲುಗಳನ್ನು ಮಾತ್ರ. ತಲೆಯ ಮೇಲೆ ಚಾಪೆಯ ಹೊರೆ ಇದ್ದದ್ದು ಗಾಡಿಯ ಅಡಿಯಿಂದ ಕಾಣುವಂತಿರಲಿಲ್ಲ. ಮೊದಲು ಅವಮಾನವಾಯಿತು, ಆಮೇಲೆ ನಾಚಿಕೆಯಾಯಿತು. ಐದು ತಿಂಗಳು ಅವಳು ಬೇರೆಯವರ ಅಂಗಳದಲ್ಲಿ ಬಿಸಿಲು ಬೇಡಿದ್ದಳು. ಭಟ್ಟರು ಮಾತ್ರ ನಿಶ್ಚಿಂತೆಯಿಂದ, "ಅಂಗಳ ಬಿಟ್ಟು ಬಂದಾತಲ್ಲ, ಹರಕೆ ಸಂದಾಯ" ಎಂದು ಇಬ್ಬರಿಗೂ ಪಂಚಕಜ್ಜಾಯ ಕೊಟ್ಟರು.

ಮನೆಗೆ ಮರಳಿದಾಗ ಬೆಳಗಿನ ಗುಟ್ಟು ಬಯಲಾಯಿತು. ಗಾಡಿ ನಿಂತಿದ್ದ ಜಾಗದ ತುಂಬ ಚಾಪೆ, ಚಾಪೆಯ ತುಂಬ ಆ ಸಲದ ಕಡೆಯ ಹಪ್ಪಳ. ಪರಮೇಶಣ್ಣನ ಹೆಂಡತಿ ಹರಡಿಕೊಟ್ಟಿದ್ದರು. ನಾನು ಜೀಪನ್ನು ಗೇಟಿನ ಹೊರಗೆ, ಮಾವಿನ ಮರದ ಬುಡದಲ್ಲಿ ನಿಲ್ಲಿಸಿದೆ. ಅದು ಈಗ ಅಲ್ಲೇ ಇದೆ. ದಿನಾ ಬೆಳಿಗ್ಗೆ ಒಂದೇ ಕೀಲಿಗೆ ಏಳುತ್ತದೆ. ಫಿಲ್ಟರನ್ನು ಇನ್ನೂ ಚಂದದ ಜಾಗಕ್ಕೆ ಸರಿಸುವ ಯೋಚನೆಯೊಂದು ನನ್ನಲ್ಲಿದೆ. ಸದ್ಯಕ್ಕೆ ಯಾರಿಗೂ ಹೇಳಿಲ್ಲ.

ಅಂಗಳದ ಆ ಬಿಸಿಲಿನ ನಡುವೆ ಐದು ತಿಂಗಳ ಎಣ್ಣೆ ಸೋರಿ ಒಂದು ಕರೀ ಕಲೆ ಬಿದ್ದಿದೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅಲ್ಲಿ ಚಾಪೆ ಹಾಸುವಂತಿಲ್ಲ, ವಾಸನೆ ಹಿಡಿಯುತ್ತದಂತೆ. ಹಾಗಾಗಿ ಅಷ್ಟು ಜಾಗದಲ್ಲಿ ಆ ಸ್ಟೂಲನ್ನಿಟ್ಟು, ನನ್ನ ಕೈಗೊಂದು ಕೋಲು ಕೊಟ್ಟು, ಕಾಗೆ ಕಾಯುವ ಕೆಲಸವನ್ನು ನಾಗವೇಣಿ ನನಗೆ ವಹಿಸಿದ್ದಾಳೆ. ಶಾಲೆಗೆ ರಜೆ, ತಪ್ಪಿಸಿಕೊಳ್ಳಲು ನೆಪವಿಲ್ಲ. ನಿನ್ನೆ ಹಳೆಯ ಲುಂಗಿಯಲ್ಲಿ, ತಲೆಗೆ ಟವೆಲು ಸುತ್ತಿ, ಅಲ್ಲಾಡದೆ ಕೂತಿದ್ದೆ. ಪರಮೇಶಣ್ಣ ಬೇಲಿಯ ಮೇಲೆ ಮೊಣಕೈ ಊರಿ, ನನ್ನನ್ನು ಬಹಳ ಹೊತ್ತು ನೋಡಿದರು.

"ಹೋಯ್ ಮಾಸ್ತರ್ರೇ, ಹೊರಡೂದಿಲ್ವಾ ಇವತ್ತು?"

"ಸ್ವಲ್ಪ ಕೆಲಸ ಬಾಕಿ ಅದೆ" ಎಂದೆ.