ಅವ್ವನ ಸೇರಿಗೆ ಬಿದ್ದ ಮುದ್ರೆ

ನಮ್ಮ ಕಡೆ ಇಂಥವು ನಡೀತಾನೇ ಇರ್ತವೆ. ಯಾವನೋ ಒಬ್ಬ ಪ್ಯಾಂಟು ಹಾಕ್ಕೊಂಡು ಬರ್ತಾನೆ, ಎತ್ತಿ ನೋಡ್ತಾನೆ, ಬಗ್ಗಿ ನೋಡ್ತಾನೆ, ಪಾಸು ಅಂತಾನೆ ಇಲ್ಲಾ ಫೇಲು ಅಂತಾನೆ. ಎಸ್ಸೆಸ್ಸೆಲ್ಸಿಲಿ ನಾನೂ ಫೇಲಾದೋನೇ. ಅದಕ್ಕೆ ನನಗೇನೂ ಸಿಟ್ಟಿಲ್ಲ, ಅಲ್ಲಿ ನಾನು ಹೆಸರು ಬಿಟ್ಟು ಬೇರೇನೂ ಬರೆದಿರ್ಲಿಲ್ಲ. ನನ್ನ ಸಿಟ್ಟು ನಮ್ಮವ್ವನ ಸೇರಿನದು. ಇದನ್ನ ಹೇಳಿದ್ರೆ ಊರೆಲ್ಲ ಹೊಟ್ಟೆ ಹಿಡ್ಕೊಂಡು ನಗುತ್ತೆ. ನಗಿಸೋದು ನನ್ನ ಕಸುಬೇ. ಆದ್ರೂ ಹೇಳೋವಾಗೆಲ್ಲ ನನಗೆ ಮೈ ಉರಿಯುತ್ತೆ.

ಸೇರು ಅನ್ನಂಗಿಲ್ಲ

ಅಜ್ಜಂಪುರದ ಸಂತೇಲಿ ನಮ್ಮವ್ವ ಮಂಡಕ್ಕಿ ಮಾರ್ತಾಳೆ. ಅಳೆಯೋಕೆ ಹಿಡಿ ಇರೋ ಒಂದು ತಗಡಿನ ಅಳತೆ. ಸರ್ಕಾರದ ಲೆಕ್ಕದಲ್ಲಿ ಅದು ಲೀಟರು, ನಮ್ಮ ಜನದ ಬಾಯಲ್ಲಿ ಇವತ್ತಿಗೂ ಸೇರು. ಅಳತೆ, ತೂಕದ ಕಲ್ಲು, ಎಲ್ಲಕ್ಕೂ ಸರ್ಕಾರದೋರು ಪರೀಕ್ಷೆ ಮಾಡಿ ವರ್ಷ ವರ್ಷ ಮುದ್ರೆ ಬಡೀಬೇಕು. ನಾನು ಹೇಳೋ ವರ್ಷ ಮುದ್ರೆ ಹಾಕೋಕೆ ಬಂದಾಗ ಅವ್ವ ಚಳಿಜ್ವರ ಬಂದು ಮಲಗಿದ್ಲು.

ಆಮೇಲೊಂದು ಸಂತೆ ದಿನ ಅಳತೆ ಇನ್ಸ್‌ಪೆಕ್ಟರು ಜೀಪಲ್ಲಿ ಬಂದ. ಎಮರ್ಜೆನ್ಸಿ ಹೋಗಿ ಇನ್ನೂ ಸ್ವಲ್ಪ ದಿನ ಆಗಿತ್ತಷ್ಟೆ, ಜೀಪು ಕಂಡ್ರೆ ಸಂತೆಗೆ ಸಂತೆನೇ ಎದ್ದು ನಿಲ್ತಿತ್ತು.

"ಏನಮ್ಮಾ ಇದು?"

"ಸೇರು, ಸಾಮಿ."

"ಸೇರು ಅನ್ನಂಗಿಲ್ಲ. ಸರ್ಕಾರ ಸೇರನ್ನ ಯಾವತ್ತೋ ತೆಗೆದಾಯ್ತು. ಲೀಟರ್ ಅನ್ನು."

"ಲೀಟರು, ಸಾಮಿ."

"ಈ ವರ್ಷದ ಮುದ್ರೆ ಎಲ್ಲಿ?"

ಅವ್ವ ಚಳಿಜ್ವರದ ಕತೆ ಶುರು ಮಾಡಿದ್ಲು. ಅವನಿಗೆ ಕೇಳೋ ಪುರುಸೊತ್ತಿಲ್ಲ. ಅದನ್ನ ಅಳೆದು ನೋಡಿದ್ನಾ, ಅದೂ ಇಲ್ಲ. ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದು, "ಇದು ಕಳ್ಳ ಸೇರು" ಅಂದು ಜೀಪಿಗೆ ಹಾಕ್ಕೊಂಡ.

ನೋಡಿ, ಸೇರು ಅನ್ನಂಗಿಲ್ಲ ಅಂದೋನೇ ಅವನು. ಕಳ್ಳ ಅನ್ನೋವಾಗ ಮಾತ್ರ ಅದು ಸೇರಾಗಿಬಿಡ್ತು.

ಪೈಲ್ವಾನನ ಬೊಗಸೆ

ಮುಂದಿನ ಸಂತೇಲಿ ಅವ್ವ ಬೊಗಸೇಲಿ ಅಳೆದು ಕೊಟ್ಟಳು. ಅಲ್ಲೀವರೆಗೂ ಅಕ್ಕಾ ಅಕ್ಕಾ ಅಂತಿದ್ದೋರು, "ಬೊಗಸೆ ತುಂಬ್ಲಿಲ್ಲ, ಬೆರಳು ಬಿಗಿ ಹಿಡೀತೀಯ" ಅಂತ ಶುರು ಮಾಡಿದ್ರು. ಒಬ್ಬಳಂತೂ ಪಕ್ಕದೋಳ ಕಿವೀಲಿ, "ಕಳ್ಳ ಸೇರಿನೋಳು ಇವಳೇ ಕಣೇ" ಅಂದ್ಲು. ಮೂರು ಅಂಗಡಿಗೆ ಕೇಳಿಸೋಷ್ಟು ಮೆಲ್ಲಗೆ. ಅವ್ವ ತಲೆ ಎತ್ತಲಿಲ್ಲ. ಹೀಗೇ ಆದ್ರೆ ಇನ್ನು ಸಂತೆಗೇ ಬರಲ್ಲ ಅಂದ್ಲು.

ಅಳೋಕೆ ನನಗೆ ಬರಲ್ಲ. ಅದಕ್ಕೆ ಗರಡಿ ಮನೆಗೆ ಓಡಿ ಪೈಲ್ವಾನನ್ನ ಕರ್ಕೊಂಡು ಬಂದೆ. ಅವನ ಅಂಗೈ ಒಂದೊಂದೂ ಒಂದು ಮೊರ.

"ಯಾರಿಗೆ ನಮ್ಮವ್ವನ ಬೊಗಸೆ ಸಾಲಲ್ವೋ ಅವರು ಈಯಣ್ಣನ ಬೊಗಸೇಲಿ ತಗೊಳ್ಳಿ" ಅಂತ ಕೂಗಿದೆ.

ಜನ ಮುಗಿಬಿದ್ರು. ಪೈಲ್ವಾನನಿಗೂ ಹುಮ್ಮಸ್ಸು. ಉಸಿರು ಬಿಡೋದ್ರೊಳಗೆ ಚೀಲದ ತಳ ಕಾಣಿಸ್ತು.

ಅವ್ವ ಚೀಲ ಕೊಡವಿ ಮಡಿಚಿಟ್ಟು ಅಂದ್ಲು: "ಇನ್ಸ್‌ಪೆಕ್ಟರು ಸೇರು ಒಂದೇ ತಗೊಂಡೋದ ಕಣೋ. ನೀನು ಅಂಗಡೀನೇ ಎತ್ತಿಸಿದೆ."

ವಿಭೂತಿ ಹಚ್ಚಿದ ಕಲ್ಲು

ಇನ್ಸ್‌ಪೆಕ್ಟರು ತರೀಕೆರೇಲಿ ಮುದ್ರೆ ಹಾಕ್ತಾ ಕೂತಿದಾನೆ ಅಂತ ಗೊತ್ತಾಗಿ ಅಲ್ಲಿಗೆ ಹೋದೆ. ನನ್ನ ಮುಂದೆ ಒಬ್ಬ ಯಜಮಾನರು. ದೊಡ್ಡ ಕಿರಾಣಿ ಅಂಗಡಿ, ಹಣೆ ತುಂಬ ವಿಭೂತಿ. ಅವರ ತೂಕದ ಕಲ್ಲುಗಳಿಗೂ ಹಣೆ ತುಂಬ ವಿಭೂತಿ. ದಿನಾ ಪೂಜೆ ಮಾಡಿ ಮಾಡಿ ಅದು ಗಾರೆ ಥರ ಗಟ್ಟಿಯಾಗಿತ್ತು.

"ಏನ್ರೀ ಇದು, ತೂಕದ ಕಲ್ಲೋ ಲಿಂಗವೋ?" ಅಂದ ಇನ್ಸ್‌ಪೆಕ್ಟರು.

"ನಮಗೆ ಅನ್ನ ಹಾಕೋದು ಅದೇ ಅಲ್ವಾ ಸ್ವಾಮಿ" ಅಂದ್ರು ಯಜಮಾನರು.

ಜವಾನ ಚಾಕು ತಗೊಂಡು ಕೆರೆಯೋಕೆ ಕೂತ. ಯಜಮಾನರು, "ಚಪ್ಪಲಿ ಬಿಟ್ಟು ಮುಟ್ಟಪ್ಪಾ" ಅಂದ್ರು. ಅವನು ಚಪ್ಪಲಿ ಬಿಟ್ಟು ಕೆರೆದ. ಬೋಗುಣಿ ತುಂಬ ವಿಭೂತಿ ಬಂತು. ಕಲ್ಲನ್ನ ತಕ್ಕಡೀಲಿ ಇಟ್ರೆ ತಟ್ಟೆ ಮೇಲಕ್ಕೇ ಹೋಯ್ತು.

"ಕಲ್ಲು ಕಮ್ಮಿ ಇದೆಯಲ್ರೀ."

"ಬರೋವಾಗ ಸರಿಯಾಗೇ ಇತ್ತು ಸ್ವಾಮಿ. ಕೆರೆದೋರು ನೀವು."

ಇನ್ನೇನು ಜೀಪಿಗೆ ಹಾಕ್ತಾನೆ ಅಂತ ಕಾದೆ. ಅಷ್ಟರಲ್ಲಿ ಯಜಮಾನರ ಮನೆಯಿಂದ ಫ್ಲಾಸ್ಕಲ್ಲಿ ಕಾಫಿ ಬಂತು, ತಟ್ಟೇಲಿ ಕೋಡುಬಳೆ ಬಂತು. ಇನ್ಸ್‌ಪೆಕ್ಟರು ತಿಂದು ಬಾಯಿ ಒರೆಸ್ಕೊಂಡು, "ಮೊದಲಿನ ಹಾಗೇ ಹಚ್ಕೊಂಡು ಬನ್ನಿ" ಅಂದ. ವಿಭೂತಿ ಮತ್ತೆ ಏರ್ತು, ಅದರ ಪಕ್ಕದಲ್ಲೇ ಮುದ್ರೆ ಬಿತ್ತು.

ಸರಿಯಿದ್ದಿದ್ದನ್ನ ಅಳೀದೇ ಹೊತ್ಕೊಂಡು ಹೋದ. ಕಮ್ಮಿಯಿದ್ದಿದ್ದನ್ನ ಕಣ್ಣಾರೆ ತೂಗಿ ಪಾಸು ಮಾಡ್ದ. ನನ್ನ ಹಲ್ಲು ಕಟಕಟ ಅಂತಿತ್ತು. ಆದ್ರೂ ಕೈ ಕಟ್ಕೊಂಡು, "ಸಾರ್, ನಮ್ಮವ್ವನ ಸೇರು" ಅಂದೆ.

"ಲೀಟರ್ ಅನ್ನು."

"ಲೀಟರು, ಸಾರ್."

"ಅದು ಕಡೂರಿಗೆ ಹೋಗಿದೆ. ನಾಳೆ ಬೆಳಿಗ್ಗೆ ಅಲ್ಲಿಗೇ ಬಾ."

"ಬರೋವಾಗ ವಿಭೂತಿ ತರ್ಲಾ ಸಾರ್?"

ಜವಾನ ಚಪ್ಪಲಿ ಬಿಟ್ಟಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಆವತ್ತು ಮುದ್ರೆ ನನಗೆ ಬೀಳೋದು.

ಪಾಸಾದ ಬಸ್ಸು

ಬೆಳಿಗ್ಗೆ ಕಡೂರಿನ ಬಸ್ಸು ಹತ್ತಿದೆ. ಹೊರಟ ಮೇಲೆ ನೋಡ್ತೀನಿ, ಡ್ರೈವರು ಹಾರ್ನ್ ಹೊಡೆಯೋ ಬದಲು ಕಿಟಕೀಲಿ ಕೈ ಹಾಕಿ ಬಾಗಿಲು ಬಡೀತಿದಾನೆ.

ಕಂಡಕ್ಟರನ್ನ ಕೇಳಿದೆ: "ಯಾಕಣ್ಣಾ, ಹಾರ್ನ್ ಇಲ್ವಾ?"

"ಇರದೆ ಏನಪ್ಪಾ. ನಿನ್ನೆ ತಾನೇ ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಪಾಸು ಮಾಡವ್ರೆ."

"ಮತ್ತೆ ಎಲ್ಲಿ ಹೋಯ್ತು?"

"ಇವತ್ತು ನಮ್ಮ ಧಣಿಗಳ ಇನ್ನೊಂದು ಬಸ್ಸು ಪಾಸಾಗಬೇಕಲ್ಲ. ಅದಕ್ಕೆ ಹೋಗೈತೆ."

ಬೀರೂರಿನ ಹತ್ರ ಒಂದು ಎತ್ತಿನಗಾಡಿ ಅಡ್ಡ ಬಂತು. ಗಾಡಿಯೋನು ತೂಕಡಿಸ್ತಿದ್ದ, ಬಾಗಿಲು ಬಡಿದ್ರೆ ಏಳೋ ಆಸಾಮಿ ಅಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಪೋಂ" ಅಂದೆ. ಎತ್ತು ಬೆದರಿ ದಾರಿ ಬಿಡ್ತು. ಡ್ರೈವರಿಗೆ ಖುಷಿಯಾಗಿ ನನ್ನ ಮುಂದಕ್ಕೆ ಕರೆದು ಕೂರಿಸ್ಕೊಂಡ. ಅಲ್ಲಿಂದ ಕಡೂರಿನವರೆಗೂ ಆ ಬಸ್ಸಿಗೆ ನಾನೇ ಹಾರ್ನ್. ಗಂಟಲು ಹರಿದೋಯ್ತು.

ಇಳಿಯೋವಾಗ ಕಂಡಕ್ಟರು ಟಿಕೆಟ್ ಕೇಳಿದ. "ನಾನು ಹಾರ್ನ್ ಕಣಣ್ಣಾ" ಅಂದೆ.

"ಆಗ್ಲಿ" ಅಂದ. "ಸಂಜೆ ಬಾ, ಲೈಟೂ ಇಲ್ಲ."

ಕಳ್ಳ ಸೇರು

ಆಫೀಸು ಇನ್ನೂ ಬಾಗಿಲು ತೆಗೆದಿರ್ಲಿಲ್ಲ. ಅಲ್ಲಿದ್ದೋರು ಇನ್ಸ್‌ಪೆಕ್ಟರ ಮನೆ ತೋರಿಸಿದ್ರು. ಅಂಗಳದಲ್ಲಿ ಅವನು ಮುಖ ತುಂಬ ಸೋಪು ಹಚ್ಕೊಂಡು ಗಡ್ಡ ಹೆರೀತಿದ್ದ. ಬಾಗಿಲಲ್ಲಿ ಅವನ ಹೆಂಡತಿಗೂ ಹಾಲಿನೋಳಿಗೂ ಜಗಳ. ಹೆಂಡತಿ ಕೈಯಲ್ಲಿ ನಮ್ಮವ್ವನ ಸೇರು. ಹಿಡಿಗೆ ಅವ್ವ ಸುತ್ತಿದ್ದ ಕೆಂಪು ದಾರ ಹಾಗೇ ಇತ್ತು.

"ನಿನ್ನ ಅಳತೆ ಬೇಡ, ಇದರಲ್ಲಿ ಹಾಕು" ಅಂತಿದ್ಲು ಆಯಮ್ಮ.

"ಅದ್ಯಾರ ಮನೆ ಸೇರೋ ತಾಯಿ, ಬಾಳ ನುಂಗುತ್ತೆ."

"ನುಂಗೋದಲ್ಲ ಕಣೇ, ಸರಿಯಾಗಿರೋದು. ನಮ್ಮನೇರು ಹಿಡ್ಕೊಂಡು ಬಂದಿದ್ದನ್ನೆಲ್ಲ ನೀರು ಹಾಕಿ ನೋಡಿದೀನಿ. ಸರಿ ಇರೋದು ಇದೊಂದೇ."

ನಾನು ಮುಂದೆ ಹೋಗಿ, "ಅಮ್ಮಾರೇ, ಅದು ಕಳ್ಳ ಸೇರು" ಅಂದೆ. ಗಂಟಲು ಹೋಗಿತ್ತಲ್ಲ, ಅರ್ಧ ಮಾತು, ಅರ್ಧ ಪೋಂ ಅಂತ ಬಂತು.

"ಯಾರೋ ಹಂಗಂದೋರು?"

ನಾನು ಸೋಪಿನ ಕಡೆ ಕೈ ತೋರಿಸಿದೆ.

ಆಯಮ್ಮ ಗಂಡನ ಕಡೆ ತಿರುಗಿದ್ಲು. "ಅಳೆದು ನೋಡಿದ್ರಾ?"

"ಅದಕ್ಕೆ ಮುದ್ರೆ ಇರ್ಲಿಲ್ಲ ಕಣೇ."

"ನಾನು ಮುದ್ರೆ ಕೇಳಲಿಲ್ಲ. ಅಳೆದ್ರಾ ಅಂದೆ."

ಹಾಲಿನೋಳು ಸೆರಗು ಬಾಯಿಗೆ ತುರುಕ್ಕೊಂಡ್ಲು. ಇನ್ಸ್‌ಪೆಕ್ಟರ ಮುಖದಲ್ಲಿ ಸೋಪು ಇಲ್ಲದ ಭಾಗವೆಲ್ಲ ಕೆಂಪಾಯ್ತು. ಒಳಗೆ ಹೋಗಿ ಮುದ್ರೆ, ಸುತ್ತಿಗೆ ತಂದ. ಹೆಂಡತಿ ಕೈಯಿಂದ ಸೇರು ಕಿತ್ಕೊಂಡ. ಹೆಂಡತಿ ಮೇಲಿನ ಸಿಟ್ಟು, ಹಾಲಿನೋಳ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು, ಎಲ್ಲ ಸೇರಿಸಿ ಒಂದೇ ಏಟು ಬಡಿದ. ಬೇಲಿ ಮೇಲಿನ ಕಾಗೆ ಹಾರಿಹೋಯ್ತು.

"ತಗೊಂಡು ತೊಲಗು" ಅಂದ.

ಮುಂದಿನ ಸಂತೇಲಿ ನಾನು ಸೇರನ್ನ ಎತ್ತಿ ಹಿಡಿದು, ಇನ್ಸ್‌ಪೆಕ್ಟರ ಹೆಂಡತಿ ಹೇಳಿದ್ದನ್ನ ಹೆಂಗಸಿನ ಗಂಟಲಲ್ಲಿ, ಹಾಲಿನೋಳ ನಗು ಸಮೇತ, ಮೂರು ಸಲ ಆಡಿ ತೋರಿಸಿದೆ. ಕಿವೀಲಿ ಪಿಸುಗುಟ್ಟಿದ್ದೋಳೇ ಮೊದಲು ಬಂದು, "ಒಂದು ಸೇರು ಹಾಕಕ್ಕಾ" ಅಂದ್ಲು.

ಅವ್ವ ತಲೆ ಎತ್ತಿ ಕೂತಿದ್ಲು. ಸೇರಿನೊಳಗೆ ಹೆಬ್ಬೆರಳು ಆಡಿಸಿ ನೋಡಿದ್ಲು. ಸೇರು ತುಂಬಿಸಿ ಸುರಿದ್ಲು, ಆಮೇಲೆ ಮೇಲೊಂದು ಹಿಡಿ ಹಾಕಿದ್ಲು. ಆಮೇಲೆ ಬಂದೋರಿಗೂ ಹಂಗೇ.

"ಯಾಕವ್ವಾ ದಾನ ಮಾಡ್ತೀಯ? ಮುದ್ರೆ ಬಿದ್ದೈತಲ್ಲ."

"ಬಿದ್ದೈತಲ್ಲ, ಅದಕ್ಕೇ. ಬೆರಳಿಟ್ಟು ನೋಡಿಲ್ಲಿ, ಆ ಸಾಮಿ ಬಡಿದಿರೋ ಏಟಿಗೆ ತಗಡು ಎಷ್ಟು ಒಳಕ್ಕೆ ಹೋಗೈತೆ ಅಂತ. ಇಷ್ಟು ದಿನ ಸರಿಯಾಗಿತ್ತು ಕಣೋ. ಈಗ ನೋಡು, ಇದು ಕಳ್ಳ ಸೇರಾಗಿರೋದು."