ರಕ್ತ ಬರದ ಪೆಟ್ಟು

ಉಮಾಪತಿಯ ತಲೆಗೆ ಪೆಟ್ಟು ಬಿದ್ದದ್ದೇನೋ ನಿಜ. ಆದರೆ ಒಂದು ಹನಿ ರಕ್ತವೂ ಬರಲಿಲ್ಲ. ಅವನ ಕಷ್ಟಕ್ಕೆಲ್ಲ ಮೂಲ ಅದೇ. ರಕ್ತ ಬಂದಿದ್ದರೆ ಪಟ್ಟಿ ಕಟ್ಟುತ್ತಿದ್ದರು, ಪಟ್ಟಿ ಕಟ್ಟಿದ್ದರೆ ಜನ ನಂಬುತ್ತಿದ್ದರು.

ಕಳೆದ ತಿಂಗಳು ವಿಜಯವಾಡಕ್ಕೆ ಹೋಗಿದ್ದಾಗ, ಒನ್ ಟೌನ್ ಪೇಟೆಯಲ್ಲಿರುವ ಬಾಮೈದ ಮಣಿಕಂಠನ ಸಗಟು ಅಂಗಡಿಯಿಂದ ಹೊರಗೆ ಬರುತ್ತ, ಅರ್ಧ ಇಳಿಸಿದ್ದ ಶಟರಿಗೆ ನೆತ್ತಿ ಬಡಿಸಿಕೊಂಡಿದ್ದ. ಸದ್ದು ಕೇಳಿ ಓಡಿಬಂದ ಮಣಿಕಂಠ ಮೊದಲು ಸವರಿ ನೋಡಿದ್ದು ಶಟರನ್ನು. "ಏನೂ ಆಗಿಲ್ಲ ಬಿಡಿ ಭಾವಾ," ಎಂದ. ಶಟರಿಗೆ ಏನೂ ಆಗಿರಲಿಲ್ಲ, ಪಾಪ, ಅವನು ಸುಳ್ಳು ಹೇಳಲಿಲ್ಲ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಶುರುವಾಯಿತು. ಬೆಳಕು ಕಂಡರೆ ಕಣ್ಣಿಗೆ ಚುಚ್ಚಿದಂತೆ, ಮಿಕ್ಸಿ ತಿರುಗಿದರೆ ಅದರ ಜೊತೆ ತಲೆಯೂ ತಿರುಗಿದಂತೆ. ಸ್ನಾನ ಮಾಡಿದೆನೋ ಇಲ್ಲವೋ ಎಂದು ಹೆಂಡತಿ ಸೀತಾಮಹಾಲಕ್ಷ್ಮಿಯನ್ನು ಕೇಳಿ ತಿಳಿದುಕೊಳ್ಳಬೇಕು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮೆದುಳು ಅಲುಗಾಡಿದೆ, ಇದು ಸ್ಕ್ಯಾನಿಗೆ ಸಿಗುವುದಿಲ್ಲ, ಇನ್ನೂ ಎರಡು ವಾರ ಮೊಬೈಲು, ಕಂಪ್ಯೂಟರು, ಗಲಾಟೆ ಯಾವುದೂ ಕೂಡದು, ಅವಸರಪಟ್ಟು ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಎಳೆಯುತ್ತದೆ ಎಂದರು ಡಾಕ್ಟರು.

ಕಾರ್ಖಾನೆಯ ಟೌನ್‌ಶಿಪ್ಪಿನ ಜನಕ್ಕೆ ಅಷ್ಟೇ ಸಾಕಾಯಿತು. ಸ್ಕ್ಯಾನಿಗೂ ಕಾಣದ, ಕಣ್ಣಿಗೂ ಕಾಣದ, ಆದರೆ ಸಂಬಳ ಮಾತ್ರ ತಪ್ಪದ ಕಾಯಿಲೆ! ದೇವರು ಕೊಟ್ಟರೆ ಇಂಥದ್ದೇ ಕೊಡಲಿ ಎಂದು ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಬೇಡಿಕೊಂಡರು. ಮಾತು ವಿಭಾಗದ ಮುಖ್ಯಸ್ಥ ಸೂರ್ಯಪ್ರಕಾಶರಾಯರ ಕಿವಿಗೂ ಬಿತ್ತು. ಸಂಜೆ ತಾವೇ ಮನೆಗೆ ಬಂದು ನೋಡುವುದಾಗಿಯೂ, ರಜೆ ಮುಂದುವರಿಸುವುದು ಆಮೇಲಿನ ಮಾತೆಂದೂ ಅವರು ಹೇಳಿ ಕಳಿಸಿದರು.

ಉಮಾಪತಿಗೆ ನಿಜವಾಗಿ ಭಯವಾಯಿತು. ಆ ಎರಡು ವಾರ ಸಿಗದಿದ್ದರೆ ತನ್ನ ತಲೆ ಇನ್ನು ತನ್ನದಾಗಿ ಉಳಿಯುವುದಿಲ್ಲ ಎಂದುಕೊಂಡು ಕಿಟಕಿ ಪರದೆ ಎಳೆದು ಮಲಗಿದ.

ಮಲಗಲು ಬಿಟ್ಟವರು ಯಾರು? ಅಂದೇ ಬೆಳಗಿನ ರೈಲಿಗೆ ವಿಜಯವಾಡದಿಂದ ಅತ್ತೆ ಕನಕದುರ್ಗಮ್ಮ ಇಳಿದರು. ಅವರು ಬಂದರೆಂದು ಪಕ್ಕದ ಮನೆಯ ಬಳ್ಳಾರಿ ಭ್ರಮರಾಂಬ ಬಂದಳು. ಗಲಾಟೆ ಕೂಡದೆಂಬ ಡಾಕ್ಟರ ಮಾತನ್ನು ಇಬ್ಬರೂ ಅವನ ಮಂಚದ ಎರಡು ಬದಿ ನಿಂತು ಗಟ್ಟಿಯಾಗಿ ಚರ್ಚಿಸಿದರು.

"ಅಳಿಯಂದ್ರೇ, ಏನೂ ಯೋಚ್ನೆ ಮಾಡ್ಬೇಡಿ," ಎಂದರು ಅತ್ತೆ. "ಸಿಂಹಾಚಲಂ ಅಪ್ಪನ್ನ ಸ್ವಾಮಿಗೆ ನಿಮ್ಮ ತಲೆಗೂದಲು ಕೊಡ್ತೀನಿ ಅಂತ ಹೇಳ್ಕೊಂಡಿದ್ದೀನಿ. ಇವತ್ತೇ ಕೊಟ್ಟು ಬಂದ್ಬಿಡೋಣ. ನಾಳೆ ನಾನು ವಾಪಸ್ ಹೋಗ್ಬೇಕು, ಮತ್ತೆ ಮತ್ತೆ ಬರೋಕೆ ಆಗುತ್ತಾ?"

"ನನ್ನ ಕೂದಲು ಅತ್ತೆ! ನನ್ನನ್ನ ಒಂದು ಮಾತು ಕೇಳೋದಲ್ವಾ?"

"ನೀವು ಮಲಗಿದ್ರಿ, ಎಬ್ಬಿಸ್ಬಾರ್ದು ಅಂತ ಸುಮ್ಮನಿದ್ದೆ."

ಸೀತಾಮಹಾಲಕ್ಷ್ಮಿ ಅಡ್ಡ ಬಂದಳು. "ಅಮ್ಮಾ, ಅವರಿಗೆ ಎದ್ದು ನಿಂತ್ರೆ ಸುತ್ತುತ್ತೆ. ಬೆಟ್ಟ ಹತ್ತಿಸ್ತೀಯಾ?"

ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ, ಆದರೆ ಭ್ರಮರಾಂಬ ಬಾಯಿ ಹಾಕಿದಳು. "ಅಣ್ಣಾರ, ಒಂದು ಮಾತು ಹೇಳ್ತೀನಿ. ಈ ಪರಿ ಕೂದ್ಲ ಇಟ್ಕೊಂಡು ಪೆಟ್ಟು ಬಿದ್ದೈತಿ ಅಂದ್ರ ಯಾರು ನಂಬ್ತಾರ? ಬೋಳ್ಸಿ ನೋಡ್ರಿ. ಗುಬುಟು ಎದ್ದು ಕಾಣ್ತದ. ನಿಮ್ಮ ಸಾಹೇಬರು ಬಾಯಿ ಮುಚ್ಕೊಂಡು ರಜಾ ಕೊಡ್ತಾರ."

ಉಮಾಪತಿ ಎದ್ದು ಕುಳಿತ. ನೆತ್ತಿಯ ಹಿಂಬದಿಯಲ್ಲಿ ಒಂದು ಗುಬುಟು ಇರುವುದು ಅವನ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇಷ್ಟು ದಿನ ಸಾಕ್ಷಿಯನ್ನು ಕೂದಲಿನ ಕೆಳಗೆ ಮುಚ್ಚಿಟ್ಟುಕೊಂಡು ಒದ್ದಾಡಿದೆನಲ್ಲ ಎನ್ನಿಸಿ, "ನಡೀರಿ ಅತ್ತೆ," ಎಂದ. ಪೆಟ್ಟು ಬಿದ್ದ ತಲೆ ಮಾಡುವ ನಿರ್ಧಾರ ಬೇರೆ ಹೇಗಿರುತ್ತದೆ?

ಆಟೋದವನು ಹಾಡು ಹಾಕಿದ. ನಿಲ್ಲಿಸಪ್ಪಾ ಎಂದರೆ ಇಷ್ಟವಾಗಲಿಲ್ಲವೇನೋ ಎಂದು ಬೇರೆ ಹಾಡು ಹಾಕಿದ. ಬೆಟ್ಟದ ತಿರುವುಗಳಲ್ಲಿ ಉಮಾಪತಿಗೆ ಆಕಾಶ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಯಿತು. ಎರಡು ಕಡೆ ಇಳಿದು ವಾಂತಿ ಮಾಡಿದ. "ಪಿತ್ತ ಎಲ್ಲಾ ಹೋಯ್ತು, ಒಳ್ಳೇದೇ ಆಯ್ತು," ಎಂದರು ಅತ್ತೆ. ಮೇಲೆ ಧ್ವನಿವರ್ಧಕ, ತೆಂಗಿನಕಾಯಿ ಒಡೆಯುವ ಸದ್ದು, ಬಿಸಿಲಿಗೆ ಹೊಳೆಯುವ ಕಲ್ಲು. ಕಣ್ಣು ಮುಚ್ಚಿ ಹೆಂಡತಿಯ ಭುಜ ಹಿಡಿದು ನಡೆದ. ದಾರಿಯಲ್ಲಿದ್ದವರು ಪುಣ್ಯ ಬರಲೆಂದು ಕುರುಡನಿಗೆ ಜಾಗ ಬಿಟ್ಟರು.

ಕ್ಷೌರದವನ ಮುಂದೆ ಕೂತವನೇ, "ಹಿಂದುಗಡೆ ಪೆಟ್ಟಾಗಿದೆ, ಜೋಪಾನ," ಎಂದು ತನಗೆ ಬರುವ ತೆಲುಗಿನಲ್ಲಿ ಹೇಳಿದ. ಆತ ಕತ್ತಿ ಆಡಿಸಿ ಮುಗಿಸಿ, ತಲೆಯನ್ನು ಆಚೀಚೆ ತಿರುಗಿಸಿ, "ಎಕ್ಕಡ ಸಾರ್?" ಎಂದ.

ಎಲ್ಲಿಯೂ ಇರಲಿಲ್ಲ. ಕೆಂಪಿಲ್ಲ, ಕಪ್ಪಿಲ್ಲ, ಗೀರಿಲ್ಲ; ತೊಳೆದಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ಉಮಾಪತಿ ಗಾಬರಿಯಿಂದ ಗುಬುಟು ಮುಟ್ಟಿ ತೋರಿಸಿದ.

"ಅಯ್ಯೋ, ಅದು ಹುಟ್ಟಿದಾಗ್ಲಿಂದ ಇರೋದು," ಎಂದರು ಅತ್ತೆ ನಗುತ್ತ. "ಮದುವೇಲಿ ಪೇಟ ಅದಕ್ಕೇ ತಾನೆ ಒಂದು ಕಡೆ ವಾಲ್ತಿದ್ದದ್ದು!"

ಇದ್ದ ಒಂದೇ ಸಾಕ್ಷಿಯೂ ಹೋಯಿತು. ಬೋಳುತಲೆಗೆ ಗಂಧ ಬಳಿಸಿಕೊಂಡು ಉಮಾಪತಿ ಮನೆಗೆ ಮರಳಿದ. ಭ್ರಮರಾಂಬ ನೋಡಿ, "ಸ್ವಲ್ಪ ಕುಂಕುಮ ಕಲಸಿ ಬಟ್ಟೆ ಕಟ್ಟಲೇನ್ರಿ?" ಎಂದಳು. ಸೀತಾಮಹಾಲಕ್ಷ್ಮಿ ಅವಳನ್ನು ನೋಡಿದ ನೋಟಕ್ಕೆ ಆಕೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಹೊರಟುಹೋದಳು.

ಸಂಜೆ ಸೂರ್ಯಪ್ರಕಾಶರಾಯರು ಬಂದರು. ಭದ್ರಾವತಿಯಲ್ಲಿ ಬಹಳ ವರ್ಷ ಇದ್ದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ಗಾರು, ಅಂಡಿ ಎಂಬ ತೆಲುಗಿನ ಮರ್ಯಾದೆ ಮಾತು ನಡುವೆ ಇಣುಕುತ್ತಿತ್ತು ಅಷ್ಟೆ. ಬಾಗಿಲಲ್ಲೇ ನಿಂತು ಉಮಾಪತಿಯ ತಲೆಯನ್ನೇ ದಿಟ್ಟಿಸಿದರು. ಉಮಾಪತಿ ಬೋಳುತಲೆಯ ಮೇಲೆ ಕೈ ಇಟ್ಟುಕೊಂಡ.

"ಸಾರ್, ಮೇಲೆ ಏನೂ ಕಾಣಲ್ಲ, ಒಪ್ಕೋತೀನಿ. ಆದ್ರೆ ಒಳಗೆ..."

"ಕಾಣಬೇಕಾಗಿಲ್ಲ ಉಮಾಪತಿಗಾರು," ಎಂದರು ರಾಯರು. "ನನ್ನ ಅಣ್ಣನ ಮಗಳಿಗೆ ಬೈಕಿಂದ ಬಿದ್ದು ಹೀಗೇ ಆಗಿತ್ತು. ಪಾಪ, ಯಾರೂ ನಂಬಲಿಲ್ಲ. ಆ ಕಷ್ಟ ನನಗೆ ಗೊತ್ತು ಅಂಡಿ. ಜನ ಏನಾದ್ರೂ ಅನ್ನಲಿ, ಇನ್ನೆರಡು ವಾರ ರಜೆ ಕೊಟ್ಟೇಬಿಡೋಣ ಅಂತ ತೀರ್ಮಾನಿಸಿಕೊಂಡೇ ಬಂದೆ."

ಉಮಾಪತಿಯ ಕಣ್ಣಲ್ಲಿ ನೀರು ಬಂತು. ಜಗತ್ತಿನಲ್ಲಿ ನಂಬುವವನು ಒಬ್ಬನಾದರೂ ಸಿಕ್ಕಿದನಲ್ಲ!

"ಆದ್ರೆ ಅದರ ಅಗತ್ಯವೇ ಇಲ್ಲವಲ್ಲ!" ರಾಯರ ಮುಖ ಅರಳಿತು. "ಹರಕೆ ತೀರಿಸಿ ಬಂದಿದ್ದೀರಿ! ವಾಸಿಯಾಗದೆ ಯಾರಾದ್ರೂ ಹರಕೆ ತೀರಿಸ್ತಾರಾ? ಬೆಟ್ಟ ಬೇರೆ ಹತ್ತಿದ್ದೀರಿ. ಕಂಗ್ರಾಟ್ಸ್!"

"ಇಲ್ಲ ಸಾರ್, ಇದು ಮುಂಗಡ... ಇನ್ನೂ ನೋಯ್ತಾನೇ ಇದೆ..."

ರಾಯರ ನಗು ಮಾಯವಾಯಿತು. "ಅಂದ್ರೆ? ಅಪ್ಪನ್ನ ಸ್ವಾಮಿ ಕೂದಲು ತಗೊಂಡು ಕೆಲಸ ಮಾಡಿಕೊಟ್ಟಿಲ್ಲ ಅಂತೀರಾ?"

ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಸೀತಾಮಹಾಲಕ್ಷ್ಮಿ ತಲೆ ತಗ್ಗಿಸಿದಳು. ಉಮಾಪತಿ ಒಬ್ಬೊಬ್ಬರ ಮುಖವನ್ನೂ ನೋಡಿ, "ಹಾಗಲ್ಲ ಸಾರ್. ವಾಸಿಯಾಗಿದೆ," ಎಂದ.

"ನಾಳೆ ಬೆಳಿಗ್ಗೆ ಬಂದ್ಬಿಡಿ. ಒಂದು ತಿಂಗಳ ಕೆಲಸ ಕಂಪ್ಯೂಟರಿನಲ್ಲಿ ಹಾಗೇ ಕೂತಿದೆ," ಎಂದು ರಾಯರು ಅತ್ತೆ ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹೊರಟರು.

ಕಾರಿನ ಸದ್ದು ದೂರವಾದ ಮೇಲೆ ಕನಕದುರ್ಗಮ್ಮ ಮೆಲ್ಲಗೆ ಅಳಿಯನ ಬಳಿ ಬಂದು ಕೂತರು.

"ಅಳಿಯಂದ್ರೇ, ನಿಜವಾಗ್ಲೂ ಇನ್ನೂ ನೋಯ್ತಿದ್ಯಾ?"

"ಹೌದು ಅತ್ತೆ. ಬೆಳಿಗ್ಗೆಗಿಂತ ಜಾಸ್ತಿ."

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ. ಕೂದಲು ಬೆಳೀಲಿ, ಇನ್ನೊಂದ್ಸಲ ಹೋಗಿ ಬರೋಣ."